ಇತಿಹಾಸ ಬರೆಯುವವನ ಅಂತರಂಗ: 1565ರ ಕಾಳಗವನ್ನು ನಮ್ಮ ಊರಿನವನೊಬ್ಬ ಹೇಗೆ ಬರೆಯಬೇಕು?

ಪ್ರಶ್ನೆ | ಬರೆದವರು: ತುಂಗಭದ್ರೆಯ ದಂಡೆಯವ

ಎಲ್ಲರಿಗೂ ನಮಸ್ಕಾರ. ಹೊಸಪೇಟೆ ತಾಲ್ಲೂಕಿನ ನಮ್ಮ ಊರಿನ ಯುವಕ ಸಂಘದವರು ಈ ಭಾಗದ ಚರಿತ್ರೆಯನ್ನು ಕುರಿತು, ಹೈಸ್ಕೂಲು ಮಕ್ಕಳೂ ಓದಿ ಅರ್ಥ ಮಾಡಿಕೊಳ್ಳುವಂತಹ ಒಂದು ಕಿರುಹೊತ್ತಗೆಯನ್ನು ತರಬೇಕೆಂದು ನಿಶ್ಚಯಿಸಿ, ಬರೆಯುವ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ನಾನು ಇತಿಹಾಸದಲ್ಲಿ ಎಂ.ಎ. ಓದಿದವನಾದರೂ ವೃತ್ತಿಯಿಂದ ಸಂಶೋಧಕನಲ್ಲ. ವಿಜಯನಗರದ ಸ್ಥಾಪನೆ, ಕೆರೆ ಕಾಲುವೆಗಳು, ಪೇಟೆ ಬೀದಿಗಳು, ಇವುಗಳ ಬಗ್ಗೆ ಬರೆಯುವಾಗ ಅಷ್ಟೇನೂ ತೊಡಕಾಗಲಿಲ್ಲ. 1565ರ ಜನವರಿಯಲ್ಲಿ ವಿಜಯನಗರಕ್ಕೂ ದಖ್ಖನಿನ ಸುಲ್ತಾನರಿಗೂ ನಡೆದ ರಕ್ಕಸ-ತಂಗಡಿಯ (ತಾಳಿಕೋಟೆಯ) ಕಾಳಗ ಮತ್ತು ಅದರ ನಂತರದ ನಗರದ ಪತನದ ಅಧ್ಯಾಯಕ್ಕೆ ಬಂದಾಗ ಮಾತ್ರ ಲೇಖನಿ ಮುಂದೆ ಸಾಗುತ್ತಿಲ್ಲ.

ಸಂಘದ ಹಿರಿಯರೊಬ್ಬರು, ಓದಿದ ಮಕ್ಕಳ ಮೈ ಬಿಸಿಯಾಗಬೇಕು, ಹಾಗೆ ಬರೆಯಿರಿ ಎನ್ನುತ್ತಾರೆ. ಇನ್ನೊಬ್ಬರು, ತಾರೀಖು ಮತ್ತು ಹೆಸರುಗಳನ್ನಷ್ಟೇ ಕೊಟ್ಟು ಉಳಿದದ್ದನ್ನು ಬಿಟ್ಟುಬಿಡಿ, ನಿಮ್ಮ ಅಭಿಪ್ರಾಯ ಯಾರಿಗೂ ಬೇಡ ಎನ್ನುತ್ತಾರೆ. ನನಗೆ ಎರಡೂ ಸಮಾಧಾನ ತರುತ್ತಿಲ್ಲ. ಹಂಪಿಯ ಬೀಳುಗಳ ನಡುವೆಯೇ ದನ ಕಾಯುತ್ತ ಬೆಳೆದವನಿಗೆ ಆ ನಗರದ ಬಗ್ಗೆ ಯಾವ ಭಾವನೆಯೂ ಇಲ್ಲವೆಂಬಂತೆ ಬರೆಯುವುದು ಸುಳ್ಳಾಗುತ್ತದೆ. ಹಾಗೆಂದು ನನ್ನ ಭಾವನೆಯನ್ನೇ ಚರಿತ್ರೆಯೆಂದು ಮಕ್ಕಳ ಕೈಗಿಡುವುದೂ ತಪ್ಪು.

ಆಕರಗಳನ್ನು ನೋಡಿದರೆ ಅಲ್ಲಿಯೂ ಇದೇ ಸಮಸ್ಯೆ ಇದೆ. ಪರ್ಷಿಯನ್ನಿನಲ್ಲಿ ಚರಿತ್ರೆ ಬರೆದ ಫೆರಿಶ್ತಾ ಬಿಜಾಪುರದ ಆಸ್ಥಾನದಲ್ಲಿದ್ದವನು. 1900ರಲ್ಲಿ ವಿಜಯನಗರದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ರಾಬರ್ಟ್ ಸೀವೆಲ್ ಮದ್ರಾಸ್ ಪ್ರಾಂತ್ಯದ ಬ್ರಿಟಿಷ್ ಅಧಿಕಾರಿ. ನಗರದ ನಾಶವನ್ನು ಕುರಿತು ಸೀವೆಲ್ ಬರೆದ ಪ್ಯಾರಾ ನಮ್ಮ ಎಷ್ಟೋ ಪುಸ್ತಕಗಳಲ್ಲಿ ಬೇರೆ ಬೇರೆ ರೂಪದಲ್ಲಿ ಮರಳಿ ಬರುತ್ತದೆ. ಇವರೆಲ್ಲರೂ ತಮ್ಮ ತಮ್ಮ ನೆಲೆಯಿಂದಲೇ ಬರೆದಿದ್ದರೆ ಇವರನ್ನು ಬದಿಗಿಡಬೇಕೇ? ಬದಿಗಿಟ್ಟರೆ ಉಳಿಯುವುದೇನು? ಬರೆಯುವವನ ವ್ಯಕ್ತಿನಿಷ್ಠೆ ಇತಿಹಾಸಕ್ಕೆ ಅಂಟಿದ ಕೊಳೆಯೇ, ಅಥವಾ ಅದಿಲ್ಲದೆ ಇತಿಹಾಸವೇ ಹುಟ್ಟುವುದಿಲ್ಲವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ | ಬರೆದವರು: ನಿವೃತ್ತ ಅಧ್ಯಾಪಕ, ಧಾರವಾಡ

ನಿಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು. ಉತ್ತರವನ್ನು ಸಿದ್ಧಾಂತದಿಂದ ಆರಂಭಿಸದೆ, ನಿಮ್ಮ ಮುಂದಿರುವ ಆಕರಗಳಿಂದಲೇ ಆರಂಭಿಸುತ್ತೇನೆ.

ನಾಲ್ವರು ಸುಲ್ತಾನರ ಕೂಟವನ್ನು ಕಟ್ಟಿದವರು ಯಾರು ಎಂಬ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಬಿಜಾಪುರದ ಆಶ್ರಯದಲ್ಲಿ ಬರೆದ ಫೆರಿಶ್ತಾ, ಇದರ ಮೊದಲ ಆಲೋಚನೆ ಅಲಿ ಆದಿಲ್ ಶಾಹನದ್ದು ಎನ್ನುತ್ತಾನೆ. ಅಹಮದ್‌ನಗರದ ಆಸ್ಥಾನಕ್ಕಾಗಿ ಬರೆದ ತಬಾತಬಾನ ವೃತ್ತಾಂತದಲ್ಲಿ ಹುಸೇನ್ ನಿಜಾಮ್ ಶಾಹನೇ ಮುಂದಾಳು. ಗೋಲ್ಕೊಂಡದ ಹೆಸರಿಲ್ಲದ ಚರಿತ್ರೆಕಾರನ ಬರಹದಲ್ಲಿ ಆ ಹಿರಿಮೆ ಇಬ್ರಾಹಿಂ ಕುತುಬ್ ಶಾಹನಿಗೆ ಸಲ್ಲುತ್ತದೆ. ಮೂವರೂ ತಮ್ಮ ತಮ್ಮ ದೊರೆಯ ತಲೆಯ ಮೇಲೆಯೇ ಕಿರೀಟವಿಟ್ಟಿದ್ದಾರೆ. ಇದನ್ನು ಕಂಡ ಮಾತ್ರಕ್ಕೆ ಮೂವರನ್ನೂ ಕಸದ ಬುಟ್ಟಿಗೆ ಹಾಕುವುದು ಅವಸರದ ಕೆಲಸವಾಗುತ್ತದೆ, ಏಕೆಂದರೆ ಮೂವರನ್ನೂ ಒಟ್ಟಿಗಿಟ್ಟು ಓದಿದಾಗ ಯಾರೊಬ್ಬರೂ ಹೇಳಬೇಕೆಂದು ಹೊರಡದ ಒಂದು ಸಂಗತಿ ಹೊರಬೀಳುತ್ತದೆ. ಕಾಳಗ ಮುಗಿದು ಒಂದು ತಲೆಮಾರು ಕಳೆದ ಮೇಲೂ ಈ ಆಸ್ಥಾನಗಳ ನಡುವೆ ಗೆಲುವಿನ ಪಾಲಿಗಾಗಿ ಪೈಪೋಟಿ ನಡೆಯುತ್ತಲೇ ಇತ್ತು, ಅಂದರೆ ಆ ಕೂಟ ನಾವು ಇಂದು ಊಹಿಸಿಕೊಳ್ಳುವಷ್ಟು ಒಗ್ಗಟ್ಟಿನದಾಗಿರಲಿಲ್ಲ. ಆಸ್ಥಾನ ಲೇಖಕನ ಪಕ್ಷಪಾತ ಇಲ್ಲಿ ಸ್ವತಃ ಒಂದು ಸಾಕ್ಷ್ಯವಾಗಿಬಿಟ್ಟಿದೆ.

ಇನ್ನು ಕಾಳಗದ ವಿಷಯ. ಫೆರಿಶ್ತಾ ಬರೆಯುವಂತೆ, ಫಿರಂಗಿಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹತ್ತಿರದಿಂದ ಹಾರಿಸಿದ್ದರಿಂದ ವಿಜಯನಗರದ ಸೈನ್ಯ ಚೆಲ್ಲಾಪಿಲ್ಲಿಯಾಯಿತು. 1567ರಲ್ಲಿ, ಅಂದರೆ ಕಾಳಗವಾದ ಎರಡೇ ವರ್ಷಕ್ಕೆ, ವಿಜಯನಗರಕ್ಕೆ ಬಂದು ಏಳು ತಿಂಗಳು ತಂಗಿದ್ದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ ಬೇರೆಯದನ್ನೇ ಹೇಳುತ್ತಾನೆ. ಆಗ ವಿಜಯನಗರದ ಆಡಳಿತವನ್ನು ನಡೆಸುತ್ತಿದ್ದ ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಂ ಸೇನಾನಿಗಳು ನಡುಯುದ್ಧದಲ್ಲಿ ತಿರುಗಿಬಿದ್ದದ್ದೇ ಸೋಲಿಗೆ ಕಾರಣವೆಂಬುದು ಅವನ ಮಾತು. ಗೆದ್ದವರ ಕಡೆಯವನಿಗೆ ಗೆಲುವು ತಮ್ಮ ಫಿರಂಗಿಯದ್ದಾಗಬೇಕು. ಸೋತ ನಗರದಲ್ಲಿ ಉಳಿದವರ ಬಾಯಿಂದ ಕಥೆ ಕೇಳಿಸಿಕೊಂಡವನಿಗೆ ಸೋಲು ದ್ರೋಹದಿಂದ ಬಂದದ್ದಾಗಿ ಕಾಣುತ್ತದೆ. ಇಬ್ಬರಲ್ಲಿ ಒಬ್ಬ ಸುಳ್ಳುಗಾರ ಎಂದು ತೀರ್ಪು ಕೊಡುವ ಅಗತ್ಯವಿಲ್ಲ. ಯಾರು ಎಲ್ಲಿ ನಿಂತು ಯಾರಿಂದ ಕೇಳಿದರು ಎಂಬುದನ್ನು ಓದುಗರಿಗೆ ತಿಳಿಸಿ, ಎರಡನ್ನೂ ಮುಂದಿಡಬೇಕು.

ನೀವು ಹೇಳಿದ ಸೀವೆಲ್‌ರ ಪ್ಯಾರಾಕ್ಕೆ ಬರೋಣ. ಬೆಂಕಿ, ಕತ್ತಿ, ಹಾರೆ, ಕೊಡಲಿಗಳಿಂದ ದಿನದಿನವೂ ನಾಶಕಾರ್ಯ ನಡೆಯಿತೆಂದೂ, ಇಷ್ಟು ವೈಭವದ ನಗರ ಇಷ್ಟು ಹಠಾತ್ತಾಗಿ ಹೀಗೆ ಹಾಳಾದದ್ದು ಪ್ರಪಂಚದ ಚರಿತ್ರೆಯಲ್ಲಿಯೇ ಬಹುಶಃ ಇಲ್ಲವೆಂದೂ ಅವರು ಬರೆದರು. ಆ ಬರಹದ ಬಿಸಿ ಇಂದಿಗೂ ಆರಿಲ್ಲ. ಅದರ ಪಕ್ಕದಲ್ಲಿ, ಅವರೇ ಬಳಸಿಕೊಂಡ ಫ್ರೆಡರಿಕ್‌ನ ಮಾತುಗಳನ್ನು ಇಟ್ಟು ನೋಡಿ. ನಗರ ಸಂಪೂರ್ಣವಾಗಿ ನಾಶವಾಗಿಲ್ಲ, ಮನೆಗಳು ಇನ್ನೂ ನಿಂತಿವೆ, ಆದರೆ ಬರಿದಾಗಿವೆ, ಅವುಗಳಲ್ಲಿ ಹುಲಿ ಮತ್ತಿತರ ಕಾಡುಪ್ರಾಣಿಗಳು ಮಾತ್ರ ಇವೆಯಂತೆ ಎನ್ನುತ್ತಾನೆ ಆ ವರ್ತಕ. ಸುಲ್ತಾನರು ಆರು ತಿಂಗಳು ಅಲ್ಲಿಯೇ ಉಳಿದು, ಬಚ್ಚಿಟ್ಟ ಹಣಕ್ಕಾಗಿ ಮನೆಗಳ ಅಡಿಯನ್ನೆಲ್ಲ ಶೋಧಿಸಿದರೆಂದೂ ಹೇಳುತ್ತಾನೆ. ಅವರು ಹೋದ ನಂತರ ರಾಮರಾಯನ ತಮ್ಮ ತಿರುಮಲನು ಮರಳಿ ಬಂದು ನಗರದಲ್ಲಿ ಜನರನ್ನು ನೆಲೆಗೊಳಿಸಲು ಯತ್ನಿಸಿದ್ದನ್ನೂ, ಕುದುರೆ ತಂದರೆ ಒಳ್ಳೆಯ ಬೆಲೆ ಕೊಡುವೆನೆಂದು ವರ್ತಕರನ್ನು ಕರೆಸಿ ಕೊನೆಗೆ ಹಣ ಕೊಡದೆ ಕಳಿಸಿದ್ದನ್ನೂ ದಾಖಲಿಸುತ್ತಾನೆ. ಈ ಕುದುರೆಯ ಸಾಲದ ಸಂಗತಿ ಸಣ್ಣದಾಗಿ ಕಂಡರೂ ನನಗೆ ತುಂಬ ಮುಖ್ಯವಾದದ್ದು. ಸೋತ ಅರಸುಮನೆಯೊಂದು ಸೈನ್ಯವನ್ನು ಮತ್ತೆ ಕಟ್ಟಲು ಎಷ್ಟು ಪರದಾಡುತ್ತಿತ್ತೆಂಬುದನ್ನು ಯಾವ ಶೋಕಗೀತೆಯೂ ಇಷ್ಟು ಸ್ಪಷ್ಟವಾಗಿ ಹೇಳಲಾರದು.

ಸೀವೆಲ್ ಅಪ್ರಾಮಾಣಿಕರಾಗಿರಲಿಲ್ಲ. ಪೋರ್ಚುಗೀಸರಾದ ಪೇಸ್ ಮತ್ತು ನ್ಯೂನಿಜ್ ಇಬ್ಬರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು ಅವರು ಮಾಡಿದ ಉಪಕಾರವನ್ನು ನಾವು ಮರೆಯುವಂತಿಲ್ಲ. ಆದರೆ ವಿಜಯನಗರವನ್ನು ಮುಸ್ಲಿಂ ದಾಳಿಗಳಿಗೆ ಎದುರಾಗಿ ನಿಂತ ಹಿಂದೂ ಕೋಟೆಯೆಂಬ ಚೌಕಟ್ಟಿನಲ್ಲಿ ಅವರು ಮೊದಲೇ ಇರಿಸಿಕೊಂಡಿದ್ದರಿಂದ, ಆ ಚೌಕಟ್ಟಿಗೆ ಒಗ್ಗದ ಸಂಗತಿಗಳು ಅವರ ಪುಸ್ತಕದಲ್ಲಿದ್ದರೂ ತೂಕ ಪಡೆಯಲಿಲ್ಲ. ಇಬ್ರಾಹಿಂ ಕುತುಬ್ ಶಾಹನು ಪಟ್ಟಕ್ಕೆ ಬರುವ ಮುನ್ನ ವರ್ಷಗಟ್ಟಲೆ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದ. ಮಗನನ್ನು ಕಳೆದುಕೊಂಡ ರಾಮರಾಯನನ್ನು ಸಂತೈಸಲು ಅಲಿ ಆದಿಲ್ ಶಾಹನು ಸ್ವತಃ ವಿಜಯನಗರಕ್ಕೆ ಬಂದಿದ್ದನೆಂದು ಫೆರಿಶ್ತಾನೇ ಬರೆಯುತ್ತಾನೆ. ರಾಮರಾಯನು ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬನ ಮೇಲೆ ದಂಡೆತ್ತಿ ಹೋಗುತ್ತಿದ್ದುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬರೆಯುವವನ ವ್ಯಕ್ತಿನಿಷ್ಠೆ ಸುಳ್ಳು ಹೇಳುವುದರಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಯಾವ ಸಂಗತಿಗೆ ಒಂದು ಪುಟ, ಯಾವುದಕ್ಕೆ ಅರ್ಧ ಸಾಲು ಎಂಬ ಹಂಚಿಕೆಯಲ್ಲಿಯೇ ಅದು ಕೆಲಸ ಮಾಡುತ್ತಿರುತ್ತದೆ.

ಉತ್ತರ | ಬರೆದವರು: ಓದುಗ, ಶಿವಮೊಗ್ಗ

ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಆದರೂ ನನ್ನ ಒಂದು ಆತಂಕವನ್ನು ಹೇಳಲೇಬೇಕು. ಪ್ರತಿಯೊಬ್ಬ ಚರಿತ್ರೆಕಾರನೂ ತನ್ನ ನೆಲೆಯಿಂದಲೇ ಬರೆಯುತ್ತಾನೆಂದು ಒಪ್ಪಿಕೊಂಡ ಮರುಕ್ಷಣವೇ, ವಾಟ್ಸಾಪಿನಲ್ಲಿ ಹರಿದಾಡುವ ಬರಹಕ್ಕೂ ಇಪ್ಪತ್ತು ವರ್ಷ ಶಾಸನ ಓದಿದವರ ಗ್ರಂಥಕ್ಕೂ ವ್ಯತ್ಯಾಸವೇ ಇಲ್ಲವೆಂದು ವಾದಿಸುವವರಿಗೆ ಬಾಗಿಲು ತೆರೆದಂತಾಗುವುದಿಲ್ಲವೇ? ನಮ್ಮ ಊರಿನ ಚರ್ಚೆಗಳಲ್ಲಿ ಇದನ್ನು ದಿನವೂ ಕಾಣುತ್ತಿದ್ದೇನೆ. ದಾಖಲೆ ತೋರಿಸಿದರೆ, ಅದನ್ನು ಬರೆದವನು ಯಾವ ಜಾತಿಯವನು, ಯಾವ ಪಕ್ಷದವನು ಎಂದು ಕೇಳುತ್ತಾರೆಯೇ ಹೊರತು ದಾಖಲೆಯಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ. ಬರೆದವನ ಹಿನ್ನೆಲೆಯನ್ನು ಕೆದಕುವುದೇ ಇತಿಹಾಸ ವಿಮರ್ಶೆ ಎಂದಾಗಿಬಿಟ್ಟಿದೆ. ಹೀಗಿರುವಾಗ ಮಕ್ಕಳ ಪುಸ್ತಕದಲ್ಲಾದರೂ ವಸ್ತುನಿಷ್ಠ ಸಂಗತಿಗಳೆಂಬ ಗಟ್ಟಿ ನೆಲವೊಂದನ್ನು ಉಳಿಸಿಕೊಳ್ಳುವುದು ಒಳ್ಳೆಯದಲ್ಲವೇ? ರಾಮರಾಯನ ಶಿರಚ್ಛೇದವಾದದ್ದು ಯಾರ ದೃಷ್ಟಿಕೋನವನ್ನೂ ಅವಲಂಬಿಸಿಲ್ಲ.

ಉತ್ತರ | ಬರೆದವರು: ಶಾಸನಾಭ್ಯಾಸಿ

ಶಿವಮೊಗ್ಗದ ಮಿತ್ರರ ಆತಂಕ ನನ್ನದೂ ಹೌದು. ವಿಜಯನಗರದ ಅಧ್ಯಯನದ ಒಳಗೇ ಇದಕ್ಕೆ ಉತ್ತರ ಕೊಡುವಂತಹ ಒಂದು ಪ್ರಸಂಗವಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ವಿದ್ಯಾರಣ್ಯರು 1336ರಲ್ಲಿ ಹರಿಹರ ಬುಕ್ಕರಿಂದ ವಿಜಯನಗರವನ್ನು ಸ್ಥಾಪನೆ ಮಾಡಿಸಿದರೆಂಬ ಪರಂಪರಾಗತ ಕಥನವನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. 1929ರಲ್ಲಿ ಫಾದರ್ ಹೆರಾಸ್ ಈ ಕಥನವನ್ನು ಪ್ರಶ್ನಿಸಿದರು. ಇದು ಸ್ಥಾಪನೆಯ ಕಾಲದ್ದಲ್ಲ, ಹದಿನಾರನೆಯ ಶತಮಾನದ ಆರಂಭದ ಸುಮಾರಿಗೆ ಶೃಂಗೇರಿ ಮಠದಲ್ಲಿ ರೂಪುಗೊಂಡದ್ದು ಎಂಬುದು ಅವರ ವಾದ. ಹೆರಾಸ್ ಸ್ಪೇನಿನಿಂದ ಬಂದು ಮುಂಬಯಿಯ ಸೇಂಟ್ ಜೇವಿಯರ್ಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜೆಸ್ಯುಯಿಟ್ ಪಾದ್ರಿ. ಕ್ರೈಸ್ತ ಪಾದ್ರಿಯೊಬ್ಬ ಹಿಂದೂ ಮಠವೊಂದರ ಪರಂಪರೆಯನ್ನು ಕೃತ್ರಿಮವೆಂದಾಗ ಓದುಗರ ಮನಸ್ಸು ಮೊದಲು ಹೋಗುವುದು ಅವರ ನಿಲುವಂಗಿಯ ಕಡೆಗೆ. ಅವರ ಧರ್ಮ ಅವರ ಅನುಮಾನವನ್ನು ಹರಿತಗೊಳಿಸಿರಬಹುದು ಎಂದು ನಾನೂ ಭಾವಿಸುತ್ತೇನೆ. ಆದರೆ ಅವರ ವಾದ ನಿಂತಿರುವುದು ತಾಮ್ರಪಟಗಳ ಮೇಲೆ. 1336ರ ಕಾಲವನ್ನು ಹೇಳುತ್ತ ವಿದ್ಯಾರಣ್ಯರನ್ನು ಹೊಗಳುವ ಪಟಗಳ ಲಿಪಿ, ಭಾಷೆ ಮತ್ತು ಒಕ್ಕಣೆ ಆ ಕಾಲದವೇ? 1346ರಲ್ಲಿ ಸಂಗಮ ಸೋದರರು, ಅಂದರೆ ಹರಿಹರ ಬುಕ್ಕರೂ ಅವರ ಸೋದರರೂ, ಶೃಂಗೇರಿಗೆ ಬಂದು ಅಲ್ಲಿಯ ಗುರುಗಳಾದ ಭಾರತೀತೀರ್ಥರಿಗೆ ದಾನ ಕೊಟ್ಟ ಶಾಸನ ನಮ್ಮಲ್ಲಿದೆ. ವಿದ್ಯಾರಣ್ಯರು ಹತ್ತು ವರ್ಷಗಳ ಹಿಂದೆಯೇ ರಾಜ್ಯವನ್ನು ಕಟ್ಟಿಸಿದ್ದರೆ ಅಂತಹ ಸಂದರ್ಭದಲ್ಲಿಯೂ ಅವರ ಹೆಸರು ಏಕಿಲ್ಲ? ಇವು ಪಾದ್ರಿ ಕೇಳಿದ ಪ್ರಶ್ನೆಗಳಾದರೂ ಉತ್ತರಗಳು ಪಾದ್ರಿಯ ಕೈಯಲ್ಲಿಲ್ಲ. ಹೆರಾಸರ ಎಲ್ಲ ತೀರ್ಮಾನಗಳನ್ನೂ ಮುಂದಿನವರು ಒಪ್ಪಲಿಲ್ಲ. ಆದರೆ ಆ ಪಟಗಳನ್ನು ನಂತರದ ಕಾಲದವೆಂದು ಒಪ್ಪಿದವರಲ್ಲಿ ಅವರ ಧರ್ಮಕ್ಕೂ ದೇಶಕ್ಕೂ ಸಂಬಂಧವಿಲ್ಲದವರು ಅನೇಕರಿದ್ದಾರೆ. ಪ್ರಶ್ನೆ ಹುಟ್ಟುವುದು ವ್ಯಕ್ತಿಯ ಒಳಗಿನಿಂದ. ಅದು ನಿಲ್ಲುವುದೋ ಬೀಳುವುದೋ ಎಂಬುದು ಆ ವ್ಯಕ್ತಿಗೆ ಒಲವಿಲ್ಲದವರೂ ಹೋಗಿ ನೋಡಬಹುದಾದ ಕಲ್ಲು ಮತ್ತು ತಾಮ್ರದ ಮೇಲೆ ನಿರ್ಧಾರವಾಗುತ್ತದೆ. ವಾಟ್ಸಾಪಿನ ಬರಹಕ್ಕೂ ಗ್ರಂಥಕ್ಕೂ ಇರುವ ಅಂತರ ಇಷ್ಟೇ, ಮತ್ತು ಇದು ಸಾಕಷ್ಟು ದೊಡ್ಡ ಅಂತರ.

ಸಂಗಮರ ಮೂಲದ ವಿವಾದದಲ್ಲಿಯೂ ಇದೇ ಕಾಣುತ್ತದೆ. 1930ರ ದಶಕದಲ್ಲಿ ಎನ್. ವೆಂಕಟರಮಣಯ್ಯನವರು ಹರಿಹರ ಬುಕ್ಕರ ಬೇರುಗಳನ್ನು ತೆಲುಗು ನಾಡಿನಲ್ಲಿ, ಕಾಕತೀಯರ ಸೇವೆಯಲ್ಲಿ ಕಂಡರು. ಬಿ.ಎ. ಸಾಲೆತೊರೆಯವರು ಕನ್ನಡ ನಾಡಿನಲ್ಲಿ, ಹೊಯ್ಸಳರ ನೆರಳಿನಲ್ಲಿ ಕಂಡರು. ಭಾಷಾವಾರು ಪ್ರಾಂತ್ಯಗಳ ಬೇಡಿಕೆ ಎರಡೂ ಕಡೆ ಬಲಗೊಳ್ಳುತ್ತಿದ್ದ ಕಾಲವದು. 1936ರಲ್ಲಿ ಧಾರವಾಡದಿಂದ ವಿಜಯನಗರದ ಆರುನೂರನೆಯ ವರ್ಷದ ಸ್ಮರಣ ಸಂಪುಟ ಹೊರಬಂದದ್ದಕ್ಕೂ ಕರ್ನಾಟಕ ಏಕೀಕರಣದ ಹಂಬಲಕ್ಕೂ ಇದ್ದ ನಂಟನ್ನು ಯಾರೂ ಬಚ್ಚಿಡಲಿಲ್ಲ. ಅದಕ್ಕೂ ಮೊದಲು 1917ರಲ್ಲಿ ಆಲೂರ ವೆಂಕಟರಾಯರು ಕರ್ನಾಟಕದ ಗತವೈಭವವನ್ನು ಬರೆದದ್ದು ಕನ್ನಡಿಗರಲ್ಲಿ ನಾಡಿನ ಅಭಿಮಾನವನ್ನು ಎಬ್ಬಿಸುವುದಕ್ಕಾಗಿಯೇ, ಅದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿಯೂ ಹೇಳಿದರು. ಆಲೂರರ ಮೇಲೆ ನನಗೆ ಅಪಾರ ಗೌರವವಿದೆ. ತನ್ನ ಉದ್ದೇಶವನ್ನು ಮುಖಪುಟದಲ್ಲಿಯೇ ತೋರಿಸುವ ಲೇಖಕನೊಡನೆ ವಾದ ಮಾಡುವುದು ಸುಲಭ. ತಾನು ಯಾವ ಕಡೆಯವನೂ ಅಲ್ಲವೆಂದು ಹೇಳಿಕೊಂಡು ಬರುವವನ ಬಗ್ಗೆಯೇ ನಾವು ಹೆಚ್ಚು ಎಚ್ಚರದಿಂದಿರಬೇಕು.

ಸಂಗತಿಗಳ ಗಟ್ಟಿ ನೆಲದ ಬಗ್ಗೆಯೂ ಒಂದು ಮಾತು. ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಪೇಸ್, ರಾಜನದು ಮಧ್ಯಮ ಎತ್ತರ, ತೆಳ್ಳಗಿನದಕ್ಕಿಂತ ತುಸು ದಪ್ಪ ಮೈಕಟ್ಟು, ಮುಖದ ಮೇಲೆ ಸಿಡುಬಿನ ಕಲೆಗಳಿವೆ ಎಂದು ಬರೆದ. ನಮ್ಮ ಆಸ್ಥಾನ ಕವಿಗಳಾರೂ ಆ ಕಲೆಗಳನ್ನು ಬರೆಯಲಿಲ್ಲ, ಬರೆಯುವುದು ಅವರಿಗೆ ಸಾಧ್ಯವೂ ಇರಲಿಲ್ಲ. ಅದೇ ಪೇಸ್ ಗುಡ್ಡ ಹತ್ತಿ ನಗರವನ್ನು ನೋಡಿ, ಇದು ರೋಮಿನಷ್ಟು ದೊಡ್ಡದು ಎಂದ. ಅವನ ಅಳತೆಗೋಲು ರೋಮ್. ಕುದುರೆ ವ್ಯಾಪಾರಕ್ಕಾಗಿ ಬಂದವನೆನ್ನಲಾದ ನ್ಯೂನಿಜ್, ರಾಜನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಾನೆಂದು ಲೆಕ್ಕ ಕೊಟ್ಟ. ಸಿಡುಬಿನ ಕಲೆ, ಕುದುರೆಯ ಸಂಖ್ಯೆ, ಎರಡೂ ಸಂಗತಿಗಳೇ. ಅವುಗಳನ್ನು ಗಮನಿಸುವಂತಹ ಕಣ್ಣುಗಳು ಅಲ್ಲಿಗೆ ಬಾರದೆ ಹೋಗಿದ್ದರೆ ಅವು ನಮ್ಮವರೆಗೆ ತಲುಪುತ್ತಿರಲಿಲ್ಲ. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರನ್ನು ಕುರಿತು ಇಂತಹದೊಂದು ವಿವರ ಬೇಕೆಂದು ನಾನು ಎಷ್ಟು ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಬರೆದವರಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ.

ಮರುಪ್ರಶ್ನೆ | ಬರೆದವರು: ತುಂಗಭದ್ರೆಯ ದಂಡೆಯವ

ಇಷ್ಟು ಶ್ರಮವಹಿಸಿ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಆಕರಗಳನ್ನು ಪಕ್ಕಪಕ್ಕದಲ್ಲಿಟ್ಟು ಮಕ್ಕಳಿಗೂ ತೋರಿಸಬಹುದೆಂಬ ಧೈರ್ಯ ಬಂದಿದೆ. ಆದರೆ ಒಂದು ಸಂಗತಿ ಇನ್ನೂ ಕಾಡುತ್ತಿದೆ. ಪುಸ್ತಿಕೆಯಲ್ಲಿ ಈ ಭಾಗಕ್ಕೆ ಸಿಗುವುದು ಐದಾರು ಪುಟ ಮಾತ್ರ. ಎಲ್ಲವನ್ನೂ ಹೇಳಲಾಗದು, ಆಯ್ಕೆ ಮಾಡಲೇಬೇಕು. ನಾನು ಈ ಊರಿನವನೆಂಬ ಪ್ರೀತಿ ಆ ಆಯ್ಕೆಯನ್ನು ನಡೆಸುವುದು ಖಂಡಿತ. ಅದನ್ನು ತಡೆಯಬೇಕೇ, ಬಿಡಬೇಕೇ? ಬಿಡುವುದಾದರೆ ಎಲ್ಲಿಯವರೆಗೆ?

ಉತ್ತರ | ಬರೆದವರು: ನಿವೃತ್ತ ಅಧ್ಯಾಪಕ, ಧಾರವಾಡ

ಪ್ರೀತಿಯನ್ನು ತಡೆಯಬೇಡಿ, ಅದಕ್ಕೆ ಹೆಚ್ಚು ಕೆಲಸ ಕೊಡಿ. ಊರಿನ ಮೇಲೆ ಪ್ರೀತಿಯಿರುವವನಿಗೆ ಊರಿನ ಎಲ್ಲ ಕಲ್ಲುಗಳೂ ಬೇಕಾಗುತ್ತವೆ, ತನ್ನ ಕಥೆಗೆ ಒದಗಿ ಬರುವ ಕಲ್ಲುಗಳಷ್ಟೇ ಅಲ್ಲ. ನಿಮ್ಮ ಮಕ್ಕಳು ಸೈಕಲ್ಲಿನಲ್ಲಿ ಹೋಗಿ ನೋಡಬಹುದಾದ ದೂರದ ಹಂಪಿಯಲ್ಲಿ, ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನೆಂಬವನು 1439ರಲ್ಲಿ ಕಟ್ಟಿಸಿದ ಮಸೀದಿ ಇದೆ. ಅದನ್ನು ರಾಜನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದಾಗಿ ಅಲ್ಲಿಯ ಶಾಸನವೇ ಹೇಳುತ್ತದೆ. ಒಡೆದ ಉಗ್ರನರಸಿಂಹನ ಮೂರ್ತಿಯೂ ಅಲ್ಲಿಂದ ದೂರವಿಲ್ಲ. ಪೂಜೆ ನಿಲ್ಲದ ವಿರೂಪಾಕ್ಷನ ಗುಡಿಯೂ ಅದೇ ಊರಿನಲ್ಲಿದೆ. ಈ ಮೂರನ್ನೂ ಒಂದೇ ಪುಟದಲ್ಲಿ ತನ್ನಿ. ಒಡೆದದ್ದನ್ನು ಒಡೆದದ್ದೆಂದೇ ಬರೆಯಿರಿ. ಅದನ್ನು ಮೆತ್ತಗೆ ಮಾಡುವುದರಿಂದ ಯಾರಿಗೂ ಉಪಕಾರವಿಲ್ಲ, ಮಕ್ಕಳು ಕಣ್ಣಿನಿಂದ ಕಂಡದ್ದನ್ನು ಪುಸ್ತಕ ಅಲ್ಲಗಳೆದರೆ ಅವರು ಪುಸ್ತಕವನ್ನೇ ಬಿಡುತ್ತಾರೆ.

ನಿಮ್ಮ ಅಧ್ಯಾಯ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಸಾವಕಾಶವಾಗಿ ಯೋಚಿಸಿ. ಕಾಳಗದ ದಿನ ಬೆಳಿಗ್ಗೆಯಿಂದ ಆರಂಭಿಸಿದರೆ ಎರಡು ಧರ್ಮಗಳ ಸೈನ್ಯ ಎದುರುಬದುರು ನಿಂತದ್ದಷ್ಟೇ ಮಕ್ಕಳಿಗೆ ಕಾಣುತ್ತದೆ. ಇಬ್ರಾಹಿಂ ಕುತುಬ್ ಶಾಹನು ವಿಜಯನಗರದಲ್ಲಿ ಆಶ್ರಯ ಪಡೆದಿದ್ದ 1540ರ ದಶಕದಿಂದ ಆರಂಭಿಸಿದರೆ, ಒಬ್ಬರನ್ನೊಬ್ಬರು ಹತ್ತಿರದಿಂದ ಬಲ್ಲವರ ನಡುವೆ ಹಗೆ ಹೇಗೆ ಬೆಳೆಯಿತೆಂಬ ಪ್ರಶ್ನೆ ಅವರಿಗೆ ತಾನಾಗಿಯೇ ಹುಟ್ಟುತ್ತದೆ. ಹಾಗೆಯೇ ಕಥೆಯನ್ನು ಹಾಳುನಗರದಲ್ಲಿ ಮುಗಿಸಿದರೆ ಒಂದು ಅರ್ಥ, ಪೆನುಕೊಂಡೆ, ಚಂದ್ರಗಿರಿ, ವೆಲ್ಲೂರುಗಳಿಂದ ತಿರುಮಲನ ವಂಶದವರಾದ ಅರವೀಡು ಅರಸರು ಹದಿನೇಳನೆಯ ಶತಮಾನದವರೆಗೂ ಆಳಿದರೆಂಬಲ್ಲಿಗೆ ಒಯ್ದರೆ ಇನ್ನೊಂದು ಅರ್ಥ. ಎರಡೂ ಆಯ್ಕೆಗಳು ನಿಮ್ಮವೇ. ನನ್ನ ಒಲವು ಎರಡನೆಯದರ ಕಡೆಗಿದೆ, ಆದರೆ ನಗರದ ಜನರ ಪಾಲಿಗೆ ಎಲ್ಲವೂ ಮುಗಿದದ್ದು 1565ರಲ್ಲಿಯೇ ಎಂದು ನೀವು ವಾದಿಸಿದರೆ ಅದನ್ನು ತಳ್ಳಿಹಾಕಲಾರೆ.

ಪುಸ್ತಿಕೆಯ ಮೊದಲ ಪುಟದಲ್ಲಿ ನೀವು ಯಾವ ಊರಿನವರು, ಏನು ಓದಿದ್ದೀರಿ, ಯಾವ ಆಕರಗಳನ್ನು ಅನುವಾದದಲ್ಲಿ ಓದಿದ್ದೀರಿ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಫೆರಿಶ್ತಾನ ಫಿರಂಗಿಯ ಮಾತನ್ನೂ ಫ್ರೆಡರಿಕ್‌ನ ದ್ರೋಹದ ಮಾತನ್ನೂ ಎದುರುಬದುರು ಪುಟಗಳಲ್ಲಿ ಅಚ್ಚು ಮಾಡಿಸಿ, ಕೆಳಗೆ ನಿಮಗೆ ಯಾವುದು ಹೆಚ್ಚು ನಂಬಲರ್ಹವೆನಿಸುತ್ತದೆ, ಏಕೆ ಎಂಬುದನ್ನು ನಿಮ್ಮ ಹೆಸರಿನಲ್ಲಿಯೇ ಹೇಳಿ. ಕರಡು ಸಿದ್ಧವಾದ ಮೇಲೆ ಇಲ್ಲಿ ಹಾಕಿದರೆ ಶಾಸನಗಳ ಭಾಗವನ್ನು ಶಾಸನಾಭ್ಯಾಸಿಗಳೂ ಪರ್ಷಿಯನ್ ವೃತ್ತಾಂತಗಳ ಭಾಗವನ್ನು ನಾನೂ ಓದಿ ತಿದ್ದಿ ಕೊಡುತ್ತೇವೆ.